ಅಳಿದ ನಕ್ಷತ್ರಗಳೂ ನಂಜನಗೂಡಿನ ವಿಜ್ಞಾನಿಯೂ

ನಂಜನಗೂಡು ಎಂದೊಡನೆ ಮೈಸೂರಿನ ನಾಗರಿಕರಿಗೆ ಶ್ರೀಕಂಠೇಶ್ವರಸ್ವಾಮಿಯ ದೇವಾಲಯ, ಕಪಿಲಾ ನದಿಯ ಸ್ನಾನಘಟ್ಟ, ರಸಬಾಳೆಯ ಹಣ್ಣು ಇವು ನೆನಪಿಗೆ ಬರುವುದು ಸಹಜವಾದುದು. ಆದರೆ ಅದೇ ಊರಿನಲ್ಲಿ ಹುಟ್ಟಿ, ಆ ಕ್ಷೇತ್ರದೇವತೆಯ ಹೆಸರನ್ನೇ ಹೊತ್ತು, ಸಾವಿರಾರು ಜ್ಯೋತಿರ್ವರ್ಷಗಳ ಆಚೆ ಸಿಡಿದುಹೋದ ಒಂದು ನಕ್ಷತ್ರದ ಅವಶೇಷವನ್ನು ಅಳೆದವರ ಸಾಲಿನಲ್ಲಿ ನಿಂತ ಬಿ. ವಿ. ಶ್ರೀಕಂಠನ್ ಅವರ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ನೆನಪಿಗೆ ಬರುತ್ತದೆ? ಈ ಪ್ರಶ್ನೆಗೆ ಉತ್ತರ ಹೇಳಲು ನಾವು ಸಂಕೋಚಪಡಬೇಕಾಗಿದೆ. ಹೊರಗಿನ ವಿದ್ವಾಂಸರು ತಮ್ಮ ಗ್ರಂಥಗಳಲ್ಲಿ ಗೌರವದಿಂದ ಉಲ್ಲೇಖಿಸುವ ಹೆಸರು ಹುಟ್ಟಿದೂರಿನ ಮಕ್ಕಳಿಗೆ ತಿಳಿಯದೆ ಇರುವುದು ಯಾವ ನಾಡಿಗೂ ಶೋಭೆ ತರತಕ್ಕುದಲ್ಲ.

೨೦೨೪ನೆಯ ಇಸವಿಯ ಜನವರಿ ೧ರಂದು ಶ್ರೀಹರಿಕೋಟೆಯಿಂದ ಎಕ್ಸ್‌ಪೋಸ್ಯಾಟ್ ಎಂಬ ಉಪಗ್ರಹವು ಮೇಲಕ್ಕೇರಿತು. ಅದು ಮಳೆಗಾಳಿಯ ಮುನ್ಸೂಚನೆ ಕೊಡತಕ್ಕ ಉಪಗ್ರಹವಲ್ಲ; ದೂರವಾಣಿಯ ಮಾತನ್ನು ಹೊತ್ತು ತರುವುದೂ ಅಲ್ಲ. ಆಕಾಶದ ಕಾಯಗಳಿಂದ, ಅದರಲ್ಲಿಯೂ ಅಳಿದ ನಕ್ಷತ್ರಗಳ ಉಳಿಕೆಗಳಿಂದ ಹೊಮ್ಮುವ ಕ್ಷ-ಕಿರಣಗಳನ್ನು ಪರೀಕ್ಷಿಸುವುದು ಅದಕ್ಕೆ ವಹಿಸಿದ ಕೆಲಸ. ಅದರೊಳಗಿನ ಎರಡು ಯಂತ್ರಗಳೂ ಬೆಂಗಳೂರಿನಲ್ಲಿ ತಯಾರಾದವು. ಆ ಎರಡೂ ಯಂತ್ರಗಳು ಕಣ್ತೆರೆದು ಮೊದಲು ನೋಡಿದ್ದು ಸೂಪರ್‌ನೋವಾ ಅವಶೇಷಗಳನ್ನೇ. ಈ ಕಾರ್ಯವು ಒಂದು ದಿನದ ಸಾಹಸವಲ್ಲ, ಸುಮಾರು ಅರುವತ್ತು ವರ್ಷಗಳ ಒಂದು ಪರಂಪರೆಯ ಫಲ. ಆ ಪರಂಪರೆಯಲ್ಲಿ ಕನ್ನಡ ನಾಡಿನ ಪಾಲು ಹಿರಿದಾದುದು. ಆ ಎಳೆಯು ನಡುನಡುವೆ ಸಡಿಲಗೊಂಡದ್ದೂ ಕಡಿದದ್ದೂ ಉಂಟು. ಅದು ಮತ್ತೆ ಕಡಿಯದಂತೆ ನೋಡಿಕೊಳ್ಳುವ ಹೊಣೆ ನಮ್ಮದು. ಇದೇ ಈ ಲೇಖನದ ತಾತ್ಪರ್ಯ.

ಕಣ್ಣಿಗೆ ಕಾಣದ ಬೆಳಕು

ಮೊದಲು ವಿಷಯದ ಪರಿಚಯವನ್ನು ಮಾಡಿಕೊಳ್ಳೋಣ. ನಕ್ಷತ್ರಗಳು ಅನಾದಿಯೂ ಅಲ್ಲ, ಅನಂತವೂ ಅಲ್ಲ. ಸೂರ್ಯನಿಗಿಂತ ಎಂಟು ಹತ್ತು ಪಾಲು ಭಾರವಾದ ನಕ್ಷತ್ರವು ತನ್ನೊಳಗಿನ ಇಂಧನವನ್ನು ಉರಿಸಿ ಉರಿಸಿ, ಕೊನೆಗೆ ಅದರ ಗರ್ಭವೆಲ್ಲ ಕಬ್ಬಿಣವಾಗಿ, ಇನ್ನು ಉರಿಯಲು ಏನೂ ಉಳಿಯದೆ ಹೋದಾಗ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಕುಸಿದ ಗರ್ಭದ ಸುತ್ತಣ ಹೊದಿಕೆಯೆಲ್ಲ ಘೋರವಾಗಿ ಸಿಡಿದು ಚೆದುರುತ್ತದೆ. ಇದನ್ನೇ ಸೂಪರ್‌ನೋವಾ ಎನ್ನುವರು. ಇನ್ನೊಂದು ಬಗೆಯ ಸೂಪರ್‌ನೋವಾದಲ್ಲಿ ಶ್ವೇತಕುಬ್ಜವೆಂಬ ಮುದಿ ನಕ್ಷತ್ರವು ನೆರೆಯ ನಕ್ಷತ್ರದಿಂದ ದ್ರವ್ಯವನ್ನು ಸೆಳೆದುಕೊಂಡು, ತಾನು ತಾಳಬಹುದಾದ ಭಾರದ ಅಂಚನ್ನು ಮುಟ್ಟಿ ಸ್ಫೋಟಗೊಳ್ಳುತ್ತದೆ. ಆ ಅಂಚು ಸೂರ್ಯನ ಭಾರದ ಸುಮಾರು ೧.೪ ಪಾಲು. ಇದನ್ನು ಲೆಕ್ಕದಿಂದ ಕಂಡುಹಿಡಿದವರು ನಮ್ಮ ದೇಶದವರೇ ಆದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಎಂಬುದು ಸರ್ವವಿದಿತವಾದ ಸಂಗತಿ.

ಸ್ಫೋಟವಾದ ಮೇಲೆ ಉಳಿಯುವುದು ಸೆಕೆಂಡಿಗೆ ಸಾವಿರಾರು ಕಿಲೋಮೀಟರು ವೇಗದಿಂದ ಹರಡುವ ಅನಿಲದ ಮೋಡ. ಅದು ಅಂತರಿಕ್ಷದ ತೆಳುವಾದ ದ್ರವ್ಯಕ್ಕೆ ಅಪ್ಪಳಿಸಿದಾಗ ಕೋಟಿಗಟ್ಟಲೆ ಡಿಗ್ರಿಗಳ ಶಾಖವು ಹುಟ್ಟುತ್ತದೆ. ಕಾದ ಕಬ್ಬಿಣವು ಕೆಂಪಗೆ ಹೊಳೆಯುತ್ತದೆ. ಇನ್ನೂ ಕಾದರೆ ಬೆಳ್ಳಗಾಗುತ್ತದೆ. ಕೋಟಿಗಟ್ಟಲೆ ಡಿಗ್ರಿ ಕಾದ ಅನಿಲವು ನಮ್ಮ ಕಣ್ಣಿಗೆ ಕಾಣದ ಕ್ಷ-ಕಿರಣಗಳಲ್ಲಿ ಹೊಳೆಯುತ್ತದೆ. ಆದುದರಿಂದ ಅಳಿದ ನಕ್ಷತ್ರದ ಮರಣವೃತ್ತಾಂತವನ್ನು ಓದಬೇಕಾದರೆ ಕ್ಷ-ಕಿರಣವೇ ತಕ್ಕ ಲಿಪಿ.

ಆದರೆ ಇಲ್ಲಿ ಒಂದು ದೊಡ್ಡ ಅಡಚಣೆಯುಂಟು. ಆಸ್ಪತ್ರೆಯಲ್ಲಿ ಮೈಯನ್ನು ತೂರಿ ಎಲುಬಿನ ಮುರಿತವನ್ನು ತೋರಿಸುವ ಈ ಕಿರಣಗಳು ನಮ್ಮ ವಾತಾವರಣವನ್ನು ತೂರಿ ಬರಲಾರವು. ನಮ್ಮ ತಲೆಯ ಮೇಲಿರುವ ಗಾಳಿಯ ಒಟ್ಟು ಭಾರವು ಸುಮಾರು ಮೂವತ್ತಮೂರು ಅಡಿ ಆಳದ ನೀರಿನ ಭಾರಕ್ಕೆ ಸಮನಾದುದು. ಅಷ್ಟು ದಪ್ಪದ ತಡಿಕೆಯನ್ನು ದಾಟುವ ಶಕ್ತಿ ಅವಕ್ಕಿಲ್ಲ. ಇದರಿಂದ ಭೂಮಿಯ ಮೇಲಿನ ಜೀವರಾಶಿಗೆ ರಕ್ಷಣೆಯಾಯಿತು, ಖಗೋಳಶಾಸ್ತ್ರಜ್ಞನಿಗೆ ಕುರುಡುತನವಾಯಿತು. ಚಾಮುಂಡಿ ಬೆಟ್ಟದ ಮೇಲಲ್ಲ, ಹಿಮಾಲಯದ ತುದಿಯಲ್ಲಿ ದೂರದರ್ಶಕವನ್ನಿಟ್ಟರೂ ಆಕಾಶದ ಕ್ಷ-ಕಿರಣವು ಕಾಣದು. ಬಲೂನನ್ನು ತೇಲಿಸಿ ಗಾಳಿಯ ಬಹುಭಾಗವನ್ನು ಕೆಳಗೆ ಬಿಡಬೇಕು. ಇಲ್ಲವೆ ರಾಕೆಟ್ಟಿನಿಂದಲೋ ಉಪಗ್ರಹದಿಂದಲೋ ಯಂತ್ರವನ್ನು ವಾತಾವರಣದ ಆಚೆಗೆ ಕಳುಹಿಸಬೇಕು. ೧೯೬೨ನೆಯ ಇಸವಿ ಜೂನ್ ತಿಂಗಳಲ್ಲಿ ರಿಕಾರ್ಡೊ ಜಿಯಾಕೋನಿ ಮತ್ತು ಅವರ ಸಂಗಡಿಗರು ಅಮೆರಿಕದಲ್ಲಿ ಹಾರಿಸಿದ ಒಂದು ರಾಕೆಟ್ಟು ಕೆಲವೇ ನಿಮಿಷಗಳಲ್ಲಿ, ಸೂರ್ಯನಲ್ಲದೆ ಬೇರೆ ಕಾಯಗಳೂ ಕ್ಷ-ಕಿರಣಗಳನ್ನು ಸೂಸುತ್ತವೆಂದು ತೋರಿಸಿಕೊಟ್ಟಿತು. ಈ ಹೊಸ ಶಾಸ್ತ್ರವು ಹುಟ್ಟಿದ್ದು ಅಂದು.

ಏಡಿ ನೀಹಾರಿಕೆಯ ಒಗಟು

ಕಾರ್ತಿಕ ಮಾರ್ಗಶಿರ ಮಾಸಗಳ ರಾತ್ರಿಗಳಲ್ಲಿ ಪೂರ್ವದಿಕ್ಕಿನಲ್ಲಿ ಕೃತ್ತಿಕೆಯೂ ಅದರ ಹಿಂದೆ ರೋಹಿಣಿಯೂ ಮೇಲೇರುವುದನ್ನು ವಾಚಕರು ನೋಡಿರಬಹುದು. ಅಲ್ಲಿಯೇ, ವೃಷಭದ ಒಂದು ಕೊಂಬಿನ ತುದಿಯ ಬಳಿ, ಬರಿಗಣ್ಣಿಗೆ ಕಾಣದ ಒಂದು ಮಬ್ಬು ಕಲೆ ಇದೆ. ದೂರದರ್ಶಕದಲ್ಲಿ ಏಡಿಯ ಆಕಾರವನ್ನು ನೆನಪಿಗೆ ತಂದುದರಿಂದ ಅದಕ್ಕೆ ಏಡಿ ನೀಹಾರಿಕೆ ಎಂಬ ಹೆಸರಾಯಿತು. ೧೦೫೪ನೆಯ ಇಸವಿ ಜುಲೈ ತಿಂಗಳಲ್ಲಿ ಆ ಸ್ಥಳದಲ್ಲಿ ಹೊಸದೊಂದು ನಕ್ಷತ್ರವು ಹೊತ್ತಿಕೊಂಡು, ೨೩ ದಿನಗಳವರೆಗೆ ಹಗಲಿನಲ್ಲಿಯೂ ಕಾಣುತ್ತಿದ್ದು, ರಾತ್ರಿಯ ಆಕಾಶದಿಂದ ಮರೆಯಾಗಲು ಸುಮಾರು ಎರಡು ವರ್ಷ ಹಿಡಿಯಿತೆಂದು ಚೀನ ದೇಶದ ಆಸ್ಥಾನ ಜ್ಯೋತಿಷಿಗಳು ದಿನಾಂಕಸಹಿತವಾಗಿ ಬರೆದಿಟ್ಟರು. ಆಗ ಕಲ್ಯಾಣದಲ್ಲಿ ಚಾಲುಕ್ಯ ಒಂದನೆಯ ಸೋಮೇಶ್ವರನು ಆಳುತ್ತಿದ್ದನು. ನಮ್ಮ ಶಾಸನಗಳು ಗ್ರಹಣ ಸಂಕ್ರಮಣಗಳನ್ನು ದಾನದ ಪುಣ್ಯಕಾಲವೆಂದು ಹೇಳುತ್ತವೆ. ಆಕಾಶಕ್ಕೆ ಬಂದ ಅತಿಥಿಯ ದಿನಚರಿಯನ್ನು ಬರೆದಿಟ್ಟವರು ಚೀನದವರು. ಒಂಬೈನೂರು ವರ್ಷಗಳ ಮೇಲೆ ಜಗತ್ತಿನ ವಿಜ್ಞಾನವು ಅವರ ಕಡತವನ್ನು ಬಿಚ್ಚಿ ನೋಡಬೇಕಾಯಿತು. ಬರೆದಿಟ್ಟವರಿಗೇ ಆಕಾಶವು ಸೊತ್ತಾಗುತ್ತದೆಂಬ ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು; ಮುಂದೆ ಇದರ ಪ್ರಯೋಜನವುಂಟು.

ಈ ನೀಹಾರಿಕೆಯು ನಮಗೆ ಸುಮಾರು ೬,೫೦೦ ಜ್ಯೋತಿರ್ವರ್ಷಗಳ ದೂರದಲ್ಲಿದೆ. ಅದರಿಂದ ಕ್ಷ-ಕಿರಣಗಳು ಬರುತ್ತಿವೆಯೆಂದು ಗೊತ್ತಾದಾಗ, ಅವು ಹೊಮ್ಮುವುದು ನಡುವಿನ ಒಂದು ಚುಕ್ಕೆಯಿಂದಲೋ, ಇಡೀ ಮೋಡದಿಂದಲೋ ಎಂಬ ಪ್ರಶ್ನೆ ಎದ್ದಿತು. ೧೯೬೪ನೆಯ ಇಸವಿ ಜುಲೈ ೭ರಂದು ಚಂದ್ರನು ಆ ನೀಹಾರಿಕೆಯ ಮುಂದೆ ಹಾದುಹೋಗುವ ಸಮಯಕ್ಕೆ ಸರಿಯಾಗಿ ಅಮೆರಿಕದ ವಿಜ್ಞಾನಿಗಳು ರಾಕೆಟ್ಟನ್ನು ಹಾರಿಸಿದರು. ಮೂಲವು ಚುಕ್ಕೆಯಾಗಿದ್ದರೆ ಚಂದ್ರನ ಅಂಚು ಮುಟ್ಟಿದೊಡನೆ ಕಿರಣವು ದೀಪವಾರಿದಂತೆ ಥಟ್ಟನೆ ನಿಲ್ಲಬೇಕಾಗಿತ್ತು. ಹಾಗಾಗದೆ ಅದು ಮೆಲ್ಲಮೆಲ್ಲನೆ ಕುಂದಿತು. ಮೂಲವು ಹರಡಿಕೊಂಡ ಮೋಡವೆಂಬುದು ಅದರಿಂದ ಹೊಳೆಯಿತು. ಆದರೆ ಅದರ ಅಳತೆಯನ್ನೂ ನಡುವನ್ನೂ ಖಚಿತವಾಗಿ ಗೊತ್ತುಮಾಡಬೇಕಾಗಿತ್ತು. ನಂಜನಗೂಡಿನ ಶ್ರೀಕಂಠನ್ ಅವರು ಈ ಕಥೆಯನ್ನು ಪ್ರವೇಶಿಸುವುದು ಇಲ್ಲಿಯೇ.

ಗಣಿಯ ಆಳದಿಂದ ಅಂತರಿಕ್ಷಕ್ಕೆ

ಶ್ರೀಕಂಠನ್ ಅವರು ಹುಟ್ಟಿದ್ದು ೧೯೨೫ನೆಯ ಇಸವಿ ಜೂನ್ ೩೦ರಂದು. ತಂದೆ ಬಿ. ವಿ. ಪಂಡಿತರು ಆಯುರ್ವೇದದಲ್ಲಿ ಪರಿಣತರಾದವರು. ಮಗನು ಮೈಸೂರು ವಿಶ್ವವಿದ್ಯಾನಿಲಯದ ಪದವಿಗಳನ್ನು ಪಡೆದು, ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸ್ವಲ್ಪ ಕಾಲವಿದ್ದು, ೧೯೪೮ರಲ್ಲಿ ಹೋಮಿ ಭಾಭಾ ಅವರು ಸ್ಥಾಪಿಸಿದ್ದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯನ್ನು ಸೇರಿದರು. ಆ ಸಂಸ್ಥೆಯೂ ೧೯೪೫ರಲ್ಲಿ ಬೆಂಗಳೂರಿನಲ್ಲಿಯೇ ಕೆಲಸವನ್ನಾರಂಭಿಸಿ ಅದೇ ವರ್ಷ ಮುಂಬಯಿಗೆ ಹೋದುದು.

ಭಾಭಾ ಅವರು ಈ ತರುಣರನ್ನು ಕಳುಹಿಸಿದ್ದು ಆಕಾಶದತ್ತ ಅಲ್ಲ, ಪಾತಾಳದತ್ತ. ಅಂತರಿಕ್ಷದಿಂದ ಸುರಿಯುವ ವಿಶ್ವಕಿರಣಗಳಲ್ಲಿ ಕೆಲವು ಕಣಗಳು ಬಂಡೆಯನ್ನು ಎಷ್ಟು ಆಳದವರೆಗೆ ತೂರಬಲ್ಲವೆಂದು ಅಳೆಯಲು ಕೋಲಾರದ ಚಿನ್ನದ ಗಣಿಗಳಿಗಿಂತ ಉತ್ತಮವಾದ ಸ್ಥಳವು ಜಗತ್ತಿನಲ್ಲಿಯೇ ವಿರಳವಾಗಿತ್ತು. ೧೯೫೦ರ ದಶಕದ ಆರಂಭದಿಂದ ಶ್ರೀಕಂಠನ್ ಅವರು ಆ ಗಣಿಗಳಲ್ಲಿಳಿದು ಉಪಕರಣಗಳನ್ನಿಟ್ಟು ಲೆಕ್ಕ ಹಾಕಿದರು. ಇದೇ ಗಣಿಗಳಲ್ಲಿ ೧೯೬೫ರಲ್ಲಿ ಭಾರತ, ಜಪಾನು ಮತ್ತು ಇಂಗ್ಲೆಂಡಿನ ವಿಜ್ಞಾನಿಗಳು ಸೇರಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋ ಎಂಬ ಸೂಕ್ಷ್ಮಾತಿಸೂಕ್ಷ್ಮ ಕಣಗಳ ಗುರುತನ್ನು ಜಗತ್ತಿಗೆ ಮೊದಲು ತೋರಿಸಿದವರ ಸಾಲಿಗೆ ಸೇರಿದರು.

ಗಣಿಯಲ್ಲಿ ಕಣಗಳನ್ನು ಹಿಡಿಯುವ ವಿದ್ಯೆಯೇ ಅಂತರಿಕ್ಷದಲ್ಲಿ ಕ್ಷ-ಕಿರಣಗಳನ್ನು ಹಿಡಿಯುವ ವಿದ್ಯೆಗೆ ತಾಯಿ. ೧೯೬೦ರ ದಶಕದ ನಡುವೆ ಶ್ರೀಕಂಠನ್ ಅವರು ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಬ್ರೂನೊ ರೊಸ್ಸಿಯವರ ಬಳಗದೊಡನೆ ಕೆಲಸ ಮಾಡುತ್ತಿದ್ದರು. ಜಪಾನಿನ ಮಿನೋರು ಓಡಾ ಅವರು ಆಗ ಒಂದು ಸರಳವಾದ ಉಪಾಯವನ್ನು ಹೂಡಿದ್ದರು. ಬಿಸಿಲಿಗೆ ಇಳಿಬಿಟ್ಟ ಎರಡು ಬಿದಿರಿನ ತಟ್ಟಿಗಳನ್ನು ಒಂದರ ಹಿಂದೊಂದು ತೂಗುಹಾಕಿ ನಾವು ಪಕ್ಕಕ್ಕೆ ನಡೆದರೆ, ಆಚೆಯ ದೀಪವು ಕಂಡು ಮರೆಯಾಗಿ, ಮತ್ತೆ ಕಂಡು ಮರೆಯಾಗುತ್ತದೆ. ದೀಪವು ಸಣ್ಣ ಚುಕ್ಕೆಯಾದರೆ ಪೂರ್ತಿಯಾಗಿ ಮರೆಯಾಗುತ್ತದೆ. ಅಗಲವಾದ ಜ್ವಾಲೆಯಾದರೆ ಎಷ್ಟು ಸರಿದರೂ ಸ್ವಲ್ಪ ಬೆಳಕು ಸೋರುತ್ತಲೇ ಇರುತ್ತದೆ. ಬಿದಿರಿಗೆ ಬದಲು ನವುರಾದ ತಂತಿಗಳ ಸಾಲುಗಳನ್ನಿಟ್ಟು ರಾಕೆಟ್ಟಿನಲ್ಲಿ ಕಳುಹಿಸಿದರೆ ಕ್ಷ-ಕಿರಣದ ಮೂಲವು ಎಲ್ಲಿದೆ, ಎಷ್ಟು ಅಗಲವಿದೆ ಎಂಬೆರಡನ್ನೂ ಹೇಳಬಹುದು.

ಈ ಉಪಾಯದಿಂದ ಮೊದಲು ವೃಶ್ಚಿಕ ರಾಶಿಯ ಪ್ರಖರವಾದ ಕ್ಷ-ಕಿರಣ ಮೂಲದ ಸ್ಥಾನವು ೧೯೬೬ರಲ್ಲಿ ನಿಷ್ಕರ್ಷೆಯಾಯಿತು. ೧೯೬೭ರಲ್ಲಿ ಏಡಿ ನೀಹಾರಿಕೆಯ ಕ್ಷ-ಕಿರಣ ಮೂಲದ ಗಾತ್ರವೂ ಸ್ಥಾನವೂ ಪ್ರಕಟವಾದವು. ಅದರ ಅಗಲವು ಸುಮಾರು ೧೦೦ ವಿಕಲೆ, ಎಂದರೆ ಹುಣ್ಣಿಮೆಯ ಚಂದ್ರಬಿಂಬದ ಸುಮಾರು ಹದಿನೆಂಟನೆಯ ಒಂದು ಪಾಲು. ಈ ಎರಡು ಪ್ರಬಂಧಗಳಲ್ಲಿಯೂ ಜಿಯಾಕೋನಿ, ಓಡಾ ಮೊದಲಾದವರ ಹೆಸರುಗಳೊಡನೆ ಬಿ. ವಿ. ಶ್ರೀಕಂಠನ್ ಎಂಬ ಹೆಸರೂ ಇದೆ. ಜಿಯಾಕೋನಿಯವರಿಗೆ ೨೦೦೨ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು.

ಗಾತ್ರವನ್ನು ಅಳೆದ ಮಾತ್ರಕ್ಕೆ ಏನಾಯಿತೆಂದು ಕೇಳುವವರಿಗೆ ಉತ್ತರವಿಷ್ಟು. ಆ ಮೋಡದ ಕ್ಷ-ಕಿರಣಗಳು, ಕಾಂತಕ್ಷೇತ್ರದಲ್ಲಿ ಬೆಳಕಿನ ವೇಗಕ್ಕೆ ಸಮೀಪವಾಗಿ ಸುತ್ತುವ ಎಲೆಕ್ಟ್ರಾನುಗಳಿಂದ ಹೊಮ್ಮುತ್ತವೆ. ಹಾಗೆ ಹೊಳೆಯುವ ಎಲೆಕ್ಟ್ರಾನು ಕೆಲವೇ ವರ್ಷಗಳಲ್ಲಿ ತನ್ನ ಶಕ್ತಿಯನ್ನೆಲ್ಲ ಕಳೆದುಕೊಳ್ಳುತ್ತದೆ. ನೀಹಾರಿಕೆಗಾದರೋ ಒಂಬೈನೂರು ವರ್ಷಗಳ ವಯಸ್ಸಾಗಿದೆ. ಒಂದು ಹೊತ್ತಿಗಾಗುವಷ್ಟು ಎಣ್ಣೆ ಹಿಡಿಯುವ ಹಣತೆಯು ವರ್ಷವಿಡೀ ಉರಿಯುತ್ತಿದ್ದರೆ, ಕತ್ತಲಲ್ಲಿ ಯಾರೋ ಎಣ್ಣೆಯನ್ನು ಹೊಯ್ಯುತ್ತಿರಲೇಬೇಕಷ್ಟೆ. ಆ ಕೈ ಯಾವುದೆಂಬುದು ೧೯೬೮ರಲ್ಲಿ ತಿಳಿಯಿತು. ನೀಹಾರಿಕೆಯ ನಡುವೆ ಸುಮಾರು ಇಪ್ಪತ್ತು ಕಿಲೋಮೀಟರು ಅಗಲದ, ಸೂರ್ಯನಿಗಿಂತ ಭಾರವಾದ ಒಂದು ನ್ಯೂಟ್ರಾನ್ ನಕ್ಷತ್ರವು ಸೆಕೆಂಡಿಗೆ ಮೂವತ್ತು ಸಲ ತಿರುಗುತ್ತಿದೆ. ಈ ಪಲ್ಸಾರ್ ದಿನದಿನಕ್ಕೂ ಅತಿಸ್ವಲ್ಪವಾಗಿ ನಿಧಾನವಾಗುತ್ತಾ, ತಾನು ಕಳೆದುಕೊಂಡ ಶಕ್ತಿಯನ್ನು ಮೋಡಕ್ಕೆ ಎರೆಯುತ್ತಿದೆ. ಮೈಸೂರಿನಿಂದ ನಂಜನಗೂಡಿಗಿರುವ ದೂರಕ್ಕಿಂತ ಕಿರಿದಾದ ಒಂದು ಗುಂಡು, ಸೂರ್ಯನಿಗಿಂತ ಹತ್ತಾರು ಸಾವಿರ ಪಾಲು ಮಿಗಿಲಾಗಿ ಬೆಳಗುವ ನೀಹಾರಿಕೆಯನ್ನು ಸಾಕುತ್ತಿದೆ!

ಶ್ರೀಕಂಠನ್ ಅವರು ಕಲಿತ ವಿದ್ಯೆಯನ್ನು ಹೊರದೇಶದಲ್ಲಿಯೇ ಬಿಟ್ಟು ಬರಲಿಲ್ಲ. ಅವರ ಮುಂದಾಳುತನದಲ್ಲಿ ಟಾಟಾ ಸಂಸ್ಥೆಯವರು ೧೯೬೮ರಿಂದ ಹೈದರಾಬಾದಿನಲ್ಲಿ ದೊಡ್ಡ ಬಲೂನುಗಳಿಂದ ಕ್ಷ-ಕಿರಣ ವೀಕ್ಷಣೆಯನ್ನು ಆರಂಭಿಸಿದರು. ಚಂದ್ರನು ಏಡಿ ನೀಹಾರಿಕೆಯನ್ನು ಮರೆಮಾಡುವ ಸಂದರ್ಭವು ಮತ್ತೆ ಒದಗಿದಾಗ, ಜಪಾನಿನ ವಿಜ್ಞಾನಿಗಳೊಡನೆ ಸೇರಿ ಬಲೂನಿನಿಂದ ಅದರ ಪ್ರಬಲತರ ಕ್ಷ-ಕಿರಣಗಳನ್ನು ಅಳೆದ ಪ್ರಬಂಧವು ೧೯೭೫ರಲ್ಲಿ ಪ್ರಕಟವಾಯಿತು; ಅದರಲ್ಲಿಯೂ ಅವರ ಹೆಸರಿದೆ. ಅದೇ ವರ್ಷ ಅವರು ಟಾಟಾ ಸಂಸ್ಥೆಯ ನಿರ್ದೇಶಕರಾಗಿ ೧೯೮೭ರವರೆಗೆ ಆ ಭಾರವನ್ನು ಹೊತ್ತರು. ೧೯೮೮ರಲ್ಲಿ ಪದ್ಮಭೂಷಣ ಪ್ರಶಸ್ತಿಯು ಬಂದಿತು. ನಿವೃತ್ತಿಯ ಅನಂತರ ಬೆಂಗಳೂರಿನಲ್ಲಿ ನೆಲೆಸಿ ವೃದ್ಧಾಪ್ಯದಲ್ಲಿಯೂ ವಿದ್ಯಾವ್ಯಾಸಂಗವನ್ನು ಬಿಡದೆ, ೨೦೧೯ನೆಯ ಇಸವಿ ಅಕ್ಟೋಬರ್ ೨೭ರಂದು ಅಲ್ಲಿಯೇ ಕಾಲವಾದರು.

ಬೆಂಗಳೂರಿನ ಕೈಗೆಲಸ

ಎಳೆಯು ಅಲ್ಲಿಗೆ ನಿಲ್ಲಲಿಲ್ಲ. ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧವಾಗಿ, ೧೯೭೫ನೆಯ ಇಸವಿ ಏಪ್ರಿಲ್ ೧೯ರಂದು ಸೋವಿಯತ್ ರಾಷ್ಟ್ರದಿಂದ ಹಾರಿದ ನಮ್ಮ ಮೊದಲನೆಯ ಉಪಗ್ರಹ ಆರ್ಯಭಟದಲ್ಲಿಯೇ ಕ್ಷ-ಕಿರಣ ಖಗೋಳದ ಒಂದು ಉಪಕರಣವಿತ್ತು. ವಿದ್ಯುತ್ತಿನ ಸರಬರಾಯಿ ಕೆಟ್ಟು ಕೆಲವೇ ದಿನಗಳಲ್ಲಿ ಅದರ ಪ್ರಯೋಗಗಳು ನಿಂತವು. ಆದರೂ ನಾಡಿನ ಮೊದಲ ಉಪಗ್ರಹದಲ್ಲಿಯೇ ಈ ಶಾಸ್ತ್ರಕ್ಕೆ ಸ್ಥಳವು ದೊರೆತುದು ಗಮನಾರ್ಹವಾದುದು. ಅನಂತರ ೧೯೯೬ರಲ್ಲಿ ಒಂದು ದೂರಸಂವೇದಿ ಉಪಗ್ರಹದ ಮೇಲೆ ಸಣ್ಣದೊಂದು ಕ್ಷ-ಕಿರಣ ಯಂತ್ರವು ಏರಿತು. ಇಡೀ ಉಪಗ್ರಹವನ್ನೇ ಖಗೋಳಶಾಸ್ತ್ರಕ್ಕೆ ಮೀಸಲಿಟ್ಟದ್ದು ೨೦೧೫ನೆಯ ಇಸವಿ ಸೆಪ್ಟೆಂಬರ್ ೨೮ರಂದು ಹಾರಿದ ಆಸ್ಟ್ರೋಸ್ಯಾಟ್.

ಆಸ್ಟ್ರೋಸ್ಯಾಟಿನ ಯಂತ್ರಗಳಲ್ಲಿ ಒಂದು, ಹಾರಿದ ಮುಂದಿನ ತಿಂಗಳಲ್ಲಿ ಮೊದಲು ದೃಷ್ಟಿ ಇಟ್ಟದ್ದು ಅದೇ ಏಡಿ ನೀ​ಹಾರಿಕೆಯ ಮೇಲೆ. ಮುಂಬಯಿ, ಅಹಮದಾಬಾದು, ಪುಣೆ ಮೊದಲಾದ ಕಡೆಯ ವಿಜ್ಞಾನಿಗಳು ಹಲವು ತಿಂಗಳು ಅದನ್ನು ಮತ್ತೆ ಮತ್ತೆ ನೋಡಿ, ಅದರ ಕ್ಷ-ಕಿರಣಗಳ ಧ್ರುವೀಕರಣವನ್ನು, ಎಂದರೆ ಕಿರಣದ ಕಂಪನವು ಯಾವ ದಿಕ್ಕಿಗೆ ಒಲಿದಿದೆ ಎಂಬುದನ್ನು, ೨೦೧೭ರಲ್ಲಿ ಪ್ರಕಟಿಸಿದರು. ಪಲ್ಸಾರಿನ ದೀಪವು ನಮ್ಮ ಕಡೆಗೆ ತಿರುಗಿಲ್ಲದ ವೇಳೆಯಲ್ಲಿಯೇ ಧ್ರುವೀಕರಣವು ಹೆಚ್ಚಾಗಿ ಬದಲಾಗುವುದೆಂಬುದು ಅವರಿಗೆ ಕಂಡುಬಂದ ಸೋಜಿಗ. ದೀಪವಿಲ್ಲದ ಕಡೆ ಮಾತು ಹೆಚ್ಚಾಗಿರುವ ಈ ಸಂಗತಿಯು ಪಲ್ಸಾರುಗಳ ಬಗೆಗಿನ ಅನೇಕ ಊಹೆಗಳನ್ನು ಮತ್ತೆ ತೂಗಿ ನೋಡುವಂತೆ ಮಾಡಿತು.

ಧ್ರುವೀಕರಣವನ್ನು ಅಳೆಯುವುದಕ್ಕೆಂದೇ ನಿರ್ಮಿತವಾದುದು ೨೦೨೪ರ ಎಕ್ಸ್‌ಪೋಸ್ಯಾಟ್. ಅದರ ಮುಖ್ಯ ಯಂತ್ರವಾದ ಪೋಲಿಕ್ಸ್ ಅನ್ನು ಕಟ್ಟಿದವರು ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯವರು. ಬೆರಿಲಿಯಂ ಎಂಬ ಹಗುರವಾದ ಲೋಹದ ತುಂಡಿಗೆ ಕಿರಣವು ಬಡಿದು ಚೆದುರುತ್ತದೆ. ಸುತ್ತಲೂ ಇಟ್ಟ ನಾಲ್ಕು ಎಣಿಕೆಯಂತ್ರಗಳು ಯಾವ ಕಡೆಗೆ ಎಷ್ಟು ಚೆದುರಿತೆಂದು ಲೆಕ್ಕವಿಡುತ್ತವೆ. ಆ ಏರುಪೇರಿನಿಂದ ಮೂಲದ ಕಾಂತಕ್ಷೇತ್ರದ ದಿಕ್ಕನ್ನು ಊಹಿಸಬಹುದು. ೨೦೨೪ರ ಜನವರಿ ೧೫ರಿಂದ ೧೮ರವರೆಗೆ ಅದು ಏಡಿ ನೀಹಾರಿಕೆಯ ಪಲ್ಸಾರಿನ ಮಿಡಿತವನ್ನು ದಾಖಲಿಸಿತು. ಎರಡನೆಯ ಯಂತ್ರವಾದ ಎಕ್ಸ್‌ಪೆಕ್ಟ್ ಅನ್ನು ಕಟ್ಟಿದ್ದು ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ. ಅದು ಜನವರಿ ೫ರಂದು ನೋಡಿದ್ದು ಕ್ಯಾಸಿಯೋಪಿಯಾ ಎಂಬ, ನಮ್ಮ ನಕ್ಷತ್ರಪಟಗಳಲ್ಲಿ ಕುಂತೀ ಎಂದು ಹೆಸರಾದ, ಪುಂಜದಲ್ಲಿರುವ ಸೂಪರ್‌ನೋವಾ ಅವಶೇಷವನ್ನು. ಸುಮಾರು ೧೧,೦೦೦ ಜ್ಯೋತಿರ್ವರ್ಷ ದೂರದ ಆ ಸ್ಫೋಟದ ಬೆಳಕು ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಭೂಮಿಯನ್ನು ತಲುಪಿರಬೇಕೆಂದು ಎಣಿಕೆ. ಅದರ ರೋಹಿತದಲ್ಲಿ ಮೆಗ್ನೀಸಿಯಂ, ಸಿಲಿಕಾನ್, ಗಂಧಕ, ಆರ್ಗಾನ್, ಕ್ಯಾಲ್ಸಿಯಂ, ಕಬ್ಬಿಣ ಇವುಗಳ ರೇಖೆಗಳು ಸ್ಪಷ್ಟವಾಗಿ ಮೂಡಿದವು.

ಮೈಸೂರಿನವರಿಗೆ ಇಲ್ಲಿ ಒಂದು ವಿಶೇಷವಾದ ಅಭಿಮಾನಕ್ಕೆ ಎಡೆಯಿದೆ. ಸರ್ ಸಿ. ವಿ. ರಾಮನ್ ಅವರು ೧೯೪೮ರಲ್ಲಿ ಸ್ಥಾಪಿಸಿದ ಸಂಸ್ಥೆಯು ನಿಂತಿರುವುದು ೧೯೩೪ರಲ್ಲಿ ಮೈಸೂರು ಸಂಸ್ಥಾನವು ಭಾರತೀಯ ವಿಜ್ಞಾನ ಅಕಾಡೆಮಿಗೆ ದಾನಮಾಡಿದ ನೆಲದ ಮೇಲೆ. ಆ ದಾನಪತ್ರಕ್ಕೆ ಸಹಿ ಹಾಕಿದವರು ಕ್ಷ-ಕಿರಣ ಉಪಗ್ರಹವನ್ನು ಕನಸಿನಲ್ಲಿಯೂ ಕಂಡಿರಲಾರರು. ಅವರು ನೆಟ್ಟ ಮರವು ತೊಂಬತ್ತು ವರ್ಷಗಳ ಮೇಲೆ ಈ ಫಲವನ್ನು ಕೊಟ್ಟಿತು.

ಇದರಿಂದ ಪ್ರಯೋಜನವೇನು?

ನಮ್ಮ ದೇಶದಲ್ಲಿ ಕುಡಿಯುವ ನೀರಿಗೂ ಶಾಲೆಯ ಕಟ್ಟಡಕ್ಕೂ ಹಣ ಸಾಲದಿರುವಾಗ ಸತ್ತ ನಕ್ಷತ್ರಗಳ ಗೊಡವೆ ಏತಕ್ಕೆಂದು ಕೆಲವರು ಕೇಳುವುದುಂಟು. ಈ ಪ್ರಶ್ನೆಯನ್ನು ತಿರಸ್ಕರಿಸಕೂಡದು. ತೆರಿಗೆ ಕೊಡುವವನಿಗೆ ಕೇಳುವ ಹಕ್ಕಿದೆ. ಆದರೆ ಉತ್ತರವನ್ನೂ ಕೇಳಬೇಕು. ಆಸ್ಟ್ರೋಸ್ಯಾಟಿಗೆ ತಗುಲಿದ ವೆಚ್ಚವು ಸುಮಾರು ೧೭೮ ಕೋಟಿ ರೂಪಾಯಿ. ನೂರನಲವತ್ತು ಕೋಟಿ ಜನರಿಗೆ ಹಂಚಿದರೆ ತಲೆಗೆ ಒಂದೂಕಾಲು ರೂಪಾಯಿ. ಇಂದಿನ ದಿನ ಒಂದು ಬೀಡ ವೀಳ್ಯಕ್ಕೂ ಅದು ಸಾಲದು. ಅಷ್ಟರಲ್ಲಿ ಐದು ವರ್ಷಗಳ ಆಯುಸ್ಸಿಗೆಂದು ಕಟ್ಟಿದ ಉಪಗ್ರಹವು ಆ ಅವಧಿಯನ್ನು ಮೀರಿಯೂ ದುಡಿಯಿತು.

ವೀಳ್ಯದ ಮಾತು ಬಂದುದರಿಂದ ಇನ್ನೊಂದನ್ನೂ ಹೇಳಬಹುದು. ಮೈಸೂರಿನ ಎಲೆಗೆ ಹಚ್ಚುವ ಸುಣ್ಣದಲ್ಲಿರುವ ಕ್ಯಾಲ್ಸಿಯಂ, ಭದ್ರಾವತಿಯ ಕುಲುಮೆಯಲ್ಲಿ ಹರಿದ ಕಬ್ಬಿಣ, ನಮ್ಮ ಎಲುಬಿನ ಗಟ್ಟಿತನ, ರಕ್ತದ ಕೆಂಪು ಇವೆಲ್ಲಕ್ಕೂ ಬೇಕಾದ ದ್ರವ್ಯವು ಬೆಂದದ್ದು ನಕ್ಷತ್ರಗಳ ಗರ್ಭದಲ್ಲಿಯೂ ಅವುಗಳ ಸ್ಫೋಟದಲ್ಲಿಯೂ. ಕುಂತೀ ಪುಂಜದ ಅವಶೇಷದಲ್ಲಿ ಎಕ್ಸ್‌ಪೆಕ್ಟ್ ಕಂಡ ರೇಖೆಗಳು ಅಂತಹ ದ್ರವ್ಯವು ಅಂತರಿಕ್ಷಕ್ಕೆ ಹರಡುತ್ತಿರುವುದರ ಸಾಕ್ಷಿಪತ್ರ. ನಮ್ಮ ಮೂಲವನ್ನು ನಾವು ತಿಳಿಯಬೇಕೆಂಬ ಹಂಬಲವು ವ್ಯರ್ಥವಾದುದೆಂದು ಯಾವ ವಿವೇಕಿಯೂ ಹೇಳಲಾರನು. ಇನ್ನು ಲೌಕಿಕವಾದ ಪ್ರಯೋಜನವೂ ಇದೆ. ಒಂದೊಂದಾಗಿ ಬರುವ ಕಿರಣದ ಕಣವನ್ನು ಎಣಿಸಬಲ್ಲ ಯಂತ್ರವನ್ನು ಕಟ್ಟುವ ಕೈಗಳು, ನಿರ್ವಾತ, ಎಲೆಕ್ಟ್ರಾನಿಕ್ಸ್, ಗಣಿತ, ತಂತ್ರಾಂಶ ಇವುಗಳಲ್ಲಿ ಪಳಗಿದ ಕೈಗಳು. ಇಂತಹ ಕೈಗಳನ್ನು ಹೊರಗಿನಿಂದ ಆಮದು ಮಾಡಿಕೊಳ್ಳುವ ದೇಶವು ಸ್ವತಂತ್ರವಾದರೂ ಸ್ವಾವಲಂಬಿಯಾಗದು.

ಕಡಿದ ಎಳೆಯ ಪಾಠ

ಇಷ್ಟು ಹೇಳಿದ ಮೇಲೆ ಅಪ್ರಿಯವಾದ ಮಾತನ್ನೂ ಆಡಬೇಕಾಗಿದೆ. ಕೋಲಾರದ ಗಣಿಯ ಪ್ರಯೋಗಶಾಲೆಯು ಏನಾಯಿತು? ೧೯೮೦ರ ದಶಕದ ಆರಂಭದಲ್ಲಿ ಪ್ರೋಟಾನು ನಶಿಸುವುದೇ ಎಂಬ ಗಹನವಾದ ಪ್ರಶ್ನೆಗೆ ಉತ್ತರವನ್ನು ಹುಡುಕುವ ದೊಡ್ಡ ಯಂತ್ರವನ್ನು ಅಲ್ಲಿ ಕಟ್ಟಿ ನಡೆಸುತ್ತಿದ್ದರು. ಆ ಕೆಲಸದಲ್ಲಿ ಜಪಾನಿನವರೂ ನಮ್ಮೊಡನೆ ಇದ್ದರು. ೧೯೯೦ರ ದಶಕದಲ್ಲಿ ಪ್ರಯೋಗಗಳು ನಿಂತುಹೋದವು; ೨೦೦೧ನೆಯ ಇಸವಿ ಫೆಬ್ರವರಿ ೨೮ರಂದು ಗಣಿಯೇ ಮುಚ್ಚಿತು; ಆಳದ ಸುರಂಗಗಳಲ್ಲಿ ನೀರು ತುಂಬಿತು. ಚಿನ್ನದ ಉತ್ಪತ್ತಿಯಿಂದ ವೆಚ್ಚವು ಹುಟ್ಟದೆ ಹೋದುದು ನಿಜ. ಅದಕ್ಕಾಗಿ ಯಾರೊಬ್ಬರನ್ನೂ ದೂಷಿಸಲಾಗದು. ಆದರೆ ಇದೇ ಅವಧಿಯಲ್ಲಿ ಜಪಾನು ತನ್ನ ಕಮಿಯೋಕಾ ಗಣಿಯಲ್ಲಿ ೧೯೮೩ರಿಂದ ನಡೆಸಿದ ಪ್ರಯೋಗವನ್ನು ನೋಡಿರಿ. ೧೯೮೭ನೆಯ ಇಸವಿ ಫೆಬ್ರವರಿ ೨೩ರಂದು ನೆರೆಯ ಗೆಲಕ್ಸಿಯೊಂದರ ಸೂಪರ್‌ನೋವಾದಿಂದ ಹೊರಟ ನ್ಯೂಟ್ರಿನೋಗಳು ಆ ಗಣಿಯಲ್ಲಿ ಸಿಕ್ಕಿದವು. ಜಪಾನಿನವರು ಯಂತ್ರವನ್ನು ಮುಚ್ಚಲಿಲ್ಲ. ೧೯೯೬ರಲ್ಲಿ ಅದಕ್ಕಿಂತ ಬಹು ದೊಡ್ಡದನ್ನು ಅಲ್ಲಿಯೇ ಕಟ್ಟಿದರು. ಅದರ ಮುಖ್ಯಸ್ಥರಾಗಿದ್ದ ಕೊಶಿಬಾ ಅವರಿಗೂ, ಕ್ಷ-ಕಿರಣದ ಜಿಯಾಕೋನಿಯವರಿಗೂ ೨೦೦೨ರ ನೊಬೆಲ್ ಪಾರಿತೋಷಕವು ಒಟ್ಟಿಗೆ ಬಂದಿತು. ಈ ಎರಡು ಶಾಸ್ತ್ರಗಳೂ ಎಳೆಯವಾಗಿದ್ದ ಕಾಲದಲ್ಲಿ ಎರಡರಲ್ಲಿಯೂ ಕೈಯಾಡಿಸಿದ್ದವರು ನಮ್ಮ ನಂಜನಗೂಡಿನವರು ಎಂಬುದನ್ನು ನೆನೆದರೆ ಅಭಿಮಾನವೂ ವ್ಯಥೆಯೂ ಒಟ್ಟಿಗೆ ಆಗುತ್ತವೆ.

ಉಪಗ್ರಹಗಳ ಲೆಕ್ಕವೂ ಇದೇ ಪಾಠವನ್ನು ಹೇಳುತ್ತದೆ. ಆರ್ಯಭಟದಿಂದ ೧೯೯೬ರ ಯಂತ್ರಕ್ಕೆ ಇಪ್ಪತ್ತೊಂದು ವರ್ಷ; ಅಲ್ಲಿಂದ ಆಸ್ಟ್ರೋಸ್ಯಾಟಿಗೆ ಹತ್ತೊಂಬತ್ತು ವರ್ಷ; ಅಲ್ಲಿಂದ ಎಕ್ಸ್‌ಪೋಸ್ಯಾಟಿಗೆ ಎಂಟು ವರ್ಷಕ್ಕೆ ಸ್ವಲ್ಪ ಹೆಚ್ಚು. ನಡುವೆ ಬಲೂನುಗಳೂ ಸಣ್ಣ ಪ್ರಯತ್ನಗಳೂ ನಡೆದಿದ್ದರೂ, ಇಪ್ಪತ್ತು ವರ್ಷಗಳ ಅಂತರವೆಂದರೆ ಒಬ್ಬ ವಿಜ್ಞಾನಿಯ ಅರ್ಧ ಆಯುಸ್ಸು. ಯಂತ್ರವನ್ನು ಕಟ್ಟಲು ಬಲ್ಲವನು ಅಷ್ಟರಲ್ಲಿ ನಿವೃತ್ತನಾಗುತ್ತಾನೆ; ಅವನ ಶಿಷ್ಯನು ಬೇರೆ ದೇಶಕ್ಕೆ ಹೋಗುತ್ತಾನೆ; ಬೆರಳ ತುದಿಯಲ್ಲಿದ್ದ ವಿದ್ಯೆಯು ಕಾಗದದಲ್ಲಿ ಮಾತ್ರ ಉಳಿಯುತ್ತದೆ. ಅಂತರವು ಕಿರಿದಾಗುತ್ತ ಬಂದಿರುವುದು ಸಂತೋಷದ ವಿಷಯ. ಅದು ಮತ್ತೆ ಹಿಗ್ಗದಂತೆ ನೋಡಿಕೊಳ್ಳುವುದೇ ಈಗ ಆಗಬೇಕಾದ ಕೆಲಸ.

ನಮ್ಮ ಕರ್ತವ್ಯ

ಇದರಲ್ಲಿ ದೊಡ್ಡ ಪಾಲು ಕೇಂದ್ರ ಸರ್ಕಾರದ್ದೆಂಬುದನ್ನು ನಾವು ಬಲ್ಲೆವು. ಒಂದು ಉಪಗ್ರಹವು ಹಾರುವ ದಿನವೇ ಮುಂದಿನದರ ಕೆಲಸಕ್ಕೆ ಮಂಜೂರಾತಿ ದೊರೆಯುವ ಪದ್ಧತಿಯು ನೆಲೆಗೊಳ್ಳಬೇಕು. ಹಾರಿಸುವ ದಿನದ ವೆಚ್ಚಕ್ಕೆ ಹಣವನ್ನು ಒದಗಿಸಿ, ಬಂದ ದತ್ತವನ್ನು ಓದುವ ತರುಣರ ವೇತನಕ್ಕೆ ಕೈ ಹಿಡಿಯುವುದು, ಕೆರೆಯನ್ನು ಕಟ್ಟಿಸಿ ತೂಬನ್ನು ಇಡಿಸದೆ ಹೋದಂತೆ.

ಆದರೆ ನಮ್ಮ ಮಟ್ಟದಲ್ಲಿ ಆಗತಕ್ಕುದೂ ಇದೆ. ೨೦೨೨ನೆಯ ಇಸವಿ ಮಾರ್ಚ್ ತಿಂಗಳಲ್ಲಿ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ, ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ನೆರವಿನಿಂದ, ಕಾಸ್ಮಾಸ್ ಎಂಬ ತಾರಾಲಯಕ್ಕೆ ಶಂಕುಸ್ಥಾಪನೆಯಾಯಿತು. ಅಂತಹ ಸ್ಥಳದ ಗೋಡೆಯ ಮೇಲೆ ಗೆಲಿಲಿಯೋವಿನ ಚಿತ್ರವೊಂದೇ ಇದ್ದರೆ ಸಾಲದು. ಶ್ರೀಕಂಠನ್ ಅವರ ಚಿತ್ರವೂ, ಬಿದಿರಿನ ತಟ್ಟಿಯ ಉಪಾಯವನ್ನು ಮಕ್ಕಳು ಕೈಯಿಂದಲೇ ಮಾಡಿ ನೋಡುವ ಏರ್ಪಾಡೂ ಇರಬೇಕು. ನಂಜನಗೂಡಿನ ಶಾಲೆಯ ಹುಡುಗಿಯೊಬ್ಬಳು ಆ ತಟ್ಟಿಯನ್ನು ಸರಿಸಿ ನೋಡಿ, ಇದು ನಮ್ಮೂರಿನವರು ಮಾಡಿದ ಲೆಕ್ಕವೆಂದು ತಿಳಿದುಕೊಂಡರೆ, ಅದರ ಫಲವನ್ನು ಇಪ್ಪತ್ತು ವರ್ಷಗಳ ಮೇಲೆ ನಾಡು ಕಾಣುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಇದನ್ನೆಲ್ಲ ಕನ್ನಡದಲ್ಲಿ ಬರೆದಿಡುವುದು. ಬೆಳ್ಳಾವೆ ವೆಂಕಟನಾರಣಪ್ಪನವರು ಸಂಗಡಿಗರೊಡನೆ ೧೯೧೮ರಲ್ಲಿಯೇ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿ ದಾರಿಯನ್ನು ತೋರಿಸಿದರು. ಮೈಸೂರಿನಲ್ಲಿದ್ದುಕೊಂಡು ಕನ್ನಡ ವಿಶ್ವಕೋಶದ ವಿಜ್ಞಾನ ವಿಭಾಗವನ್ನು ನೋಡಿಕೊಂಡ ಜಿ. ಟಿ. ನಾರಾಯಣರಾಯರು ನಕ್ಷತ್ರಗಳನ್ನು ಕನ್ನಡದಲ್ಲಿ ಪರಿಚಯಮಾಡಿಕೊಟ್ಟು ಆ ದಾರಿಯನ್ನು ಅಗಲಗೊಳಿಸಿದರು. ಅವರ ಅನಂತರದ ಅಧ್ಯಾಯಗಳಾದ ಆಸ್ಟ್ರೋಸ್ಯಾಟ್, ಎಕ್ಸ್‌ಪೋಸ್ಯಾಟ್‌ಗಳ ವೃತ್ತಾಂತವು ನಮ್ಮ ನುಡಿಯಲ್ಲಿ ಸಾಲದಾಗಿದೆ. ವಿಶ್ವವಿದ್ಯಾನಿಲಯದ ಅಧ್ಯಾಪಕರು ವರ್ಷಕ್ಕೊಂದು ಕಿರುಹೊತ್ತಗೆಯನ್ನು ಬರೆದರೂ ಈ ಕೊರತೆಯು ನೀಗುತ್ತದೆ.

ಒಂಬೈನೂರು ವರ್ಷಗಳ ಹಿಂದೆ ಹಗಲಿನಲ್ಲಿ ಹೊಳೆದ ನಕ್ಷತ್ರದ ದಿನಚರಿಯನ್ನು ಪರರ ಕಡತದಿಂದ ನಾವು ಓದಬೇಕಾಯಿತು. ಅದೇ ನಕ್ಷತ್ರದ ಅವಶೇಷವನ್ನು ಅಳೆದವರಲ್ಲಿ ನಮ್ಮವರೂ ಇದ್ದರೆಂಬ ವೃತ್ತಾಂತವನ್ನಾದರೂ ನಮ್ಮ ಮೊಮ್ಮಕ್ಕಳು ಪರರ ಕಡತದಿಂದ ಓದುವಂತಾಗಕೂಡದು.